ರೈಫಲ್ ಶಿಬಿರಕ್ಕೆ ಕ್ಲಬ್ ಹುಡುಕುವವರಿಗೆ: ಕೊಪ್ಪಳ, ಬಳ್ಳಾರಿ, ರಾಯಚೂರು ಭಾಗದ ಮಾರ್ಗದರ್ಶಿ

ನಮ್ಮ ಭಾಗದ ಮಕ್ಕಳು ಮೊದಲ ಸಲ ರೈಫಲ್ ಹೆಗಲಿಗೆ ಆನಿಸುವುದು ಜಾತ್ರೆಯ ಬಲೂನ್ ಅಂಗಡಿಯಲ್ಲಿ. ಕೊಪ್ಪಳದ ಗವಿಮಠದ ಜಾತ್ರೆಗೆ ಹೋದಾಗಲೆಲ್ಲ ನಾನು ಆ ಅಂಗಡಿಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಹತ್ತಕ್ಕೆ ಹತ್ತೂ ಬಲೂನ್ ಒಡೆದು, ಇನ್ನೊಂದು ಸುತ್ತಿಗೆ ಅಪ್ಪನ ಜೇಬು ಹಿಡಿದೆಳೆಯುವ ಒಬ್ಬಳಾದರೂ ಹುಡುಗಿ ಅಲ್ಲಿರುತ್ತಾಳೆ. ಆಮೇಲೆ ಅವಳ ಕಥೆ ಅಲ್ಲಿಗೇ ನಿಲ್ಲುತ್ತದೆ. ಎನ್‌ಸಿಸಿ ಸೇರಿದವರಿಗೆ ಪಾಯಿಂಟ್ ಟೂ ಟೂ (0.22 ಇಂಚು ನಳಿಗೆಯ) ರೈಫಲ್ಲಿನಲ್ಲಿ ಒಂದಿಷ್ಟು ಗುಂಡು ಹೊಡೆಯುವ ಯೋಗ ಸಿಗುತ್ತದೆ, ಗ್ರೂಪಿಂಗ್, ಅಂದರೆ ಗುಂಡುಗಳು ಒಂದೇ ಕಡೆ ಒತ್ತೊತ್ತಾಗಿ ಬೀಳುವುದು, ಚೆನ್ನಾಗಿ ಬಂದರೆ ಸುಬೇದಾರ್ ಸಾಹೇಬರು ಬೆನ್ನು ತಟ್ಟುತ್ತಾರೆ. ಮುಂದೆ ಎಲ್ಲಿಗೆ ಹೋಗಬೇಕು ಎಂದು ಹೇಳುವವರಿಲ್ಲ.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ರೈಫಲ್ ಮೂರು ಭಂಗಿಗಳ ಸ್ಪರ್ಧೆಯಲ್ಲಿ ಕಂಚು ಗೆದ್ದ ಸ್ವಪ್ನಿಲ್ ಕುಸಾಳೆ ಕೊಲ್ಹಾಪುರ ಜಿಲ್ಲೆಯ ಹಳ್ಳಿಯಿಂದ ಬಂದವರು. 2010ರಲ್ಲಿ ವಿಶ್ವ ಚಾಂಪಿಯನ್ ಆದ ತೇಜಸ್ವಿನಿ ಸಾವಂತ್ ಕೂಡ ಕೊಲ್ಹಾಪುರದವರೇ. ನಮ್ಮಿಂದ ಬಹಳ ದೂರದ ಊರೇನೂ ಅಲ್ಲ ಅದು. ಅಲ್ಲಿ ಆಗಿದ್ದು ಇಲ್ಲಿ ಆಗಬೇಕಾದರೆ ಮೊದಲು ಎರಡು ದಿನದ ಒಂದು ಒಳ್ಳೆಯ ತರಬೇತಿ ಶಿಬಿರ ನಡೆಯಬೇಕು, ಅದಕ್ಕೊಂದು ಜಾಗ ಕೊಡುವ ಕ್ಲಬ್ ಬೇಕು. ನಾನು ಕಾಲೇಜಿನಲ್ಲಿ ದೈಹಿಕ ಶಿಕ್ಷಣ ಕಲಿಸುವವನು. ಮಕ್ಕಳನ್ನು ಕಟ್ಟಿಕೊಂಡು ಇಂಥ ಶಿಬಿರಗಳಿಗೆ ಓಡಾಡಿದ್ದೇನೆ, ಒಮ್ಮೆ ತಪ್ಪು ಜಾಗ ಆರಿಸಿ ಎದೆ ನಡುಗಿಸಿಕೊಂಡಿದ್ದೇನೆ. ಕ್ಲಬ್ ಒಪ್ಪಿಕೊಳ್ಳುವ ಮುನ್ನ ಏನೇನು ನೋಡಬೇಕು ಎಂಬುದನ್ನು ನಾನು ನೋಡುವ ಕ್ರಮದಲ್ಲೇ ಬರೆಯುತ್ತೇನೆ.

ಮೊದಲು ನಿಮ್ಮ ಶಿಬಿರ ಯಾವುದೆಂದು ತೀರ್ಮಾನಿಸಿ

10 ಮೀಟರ್ ಏರ್ ರೈಫಲ್ಲೋ, 50 ಮೀಟರ್ ಪಾಯಿಂಟ್ ಟೂ ಟೂ ರೈಫಲ್ಲೋ? ಇದನ್ನು ತೀರ್ಮಾನಿಸದೆ ಕ್ಲಬ್‌ಗೆ ಫೋನ್ ಮಾಡಬೇಡಿ. ಎರಡೂ ಬೇರೆ ಬೇರೆ ಜಗತ್ತು.

ಹೊಸಬರಿಗೆ 10 ಮೀಟರ್ ಏರ್ ರೈಫಲ್ಲೇ ಸರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹೊಡೆತದ ಶಕ್ತಿ 20 ಜೌಲ್ ಮೀರದ, ಬೋರ್ (ನಳಿಗೆಯ ಒಳ ಅಗಲ) 0.177 ಇಂಚು, ಅಂದರೆ 4.5 ಮಿಲಿಮೀಟರ್ ಮೀರದ ಏರ್ ರೈಫಲ್ಲಿಗೆ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಲೈಸೆನ್ಸ್ ಬೇಕಿಲ್ಲ. ಸ್ಪರ್ಧೆಯ ಏರ್ ರೈಫಲ್ಲಿನ ಶಕ್ತಿ ಏಳೂವರೆ ಜೌಲ್ ಆಸುಪಾಸು, ಮಿತಿಯ ಅರ್ಧವೂ ಇಲ್ಲ. ಒಂದು ಉದ್ದನೆಯ ಕೋಣೆ ಸಾಕು, ಬಿಸಿಲು ಮಳೆಯ ಹಂಗಿಲ್ಲ. ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗಿನಲ್ಲಿ ಚಿನ್ನ ಗೆದ್ದದ್ದೂ ಇದೇ ಸ್ಪರ್ಧೆಯಲ್ಲಿ, ಗಗನ್ ನಾರಂಗ್ 2012ರಲ್ಲಿ ಕಂಚು ಗೆದ್ದದ್ದೂ ಇದರಲ್ಲೇ. ಹಾಗಾಗಿ ಇದು ಮಕ್ಕಳಾಟ ಎಂದು ಯಾರಾದರೂ ಮೂಗು ಮುರಿದರೆ ತಲೆ ಕೆಡಿಸಿಕೊಳ್ಳಬೇಡಿ. ಗುರಿಯ ನಡುವಿನ ಹತ್ತರ ಚುಕ್ಕೆ ಬರೀ ಅರ್ಧ ಮಿಲಿಮೀಟರ್ ಅಗಲ. ಬಾಲ್ ಪೆನ್ನಿನಿಂದ ಕಾಗದದ ಮೇಲೆ ಒಮ್ಮೆ ಮುಟ್ಟಿದಷ್ಟು.

ಪಾಯಿಂಟ್ ಟೂ ಟೂ ಹಾಗಲ್ಲ. ಅದು ಬೆಂಕಿಯ ಆಯುಧ. 1959ರ ಶಸ್ತ್ರಾಸ್ತ್ರ ಕಾಯ್ದೆ ಪೂರ್ತಿಯಾಗಿ ಅನ್ವಯಿಸುತ್ತದೆ, ಗುಂಡೊಂದು ಒಂದೂವರೆ ಕಿಲೋಮೀಟರ್‌ವರೆಗೂ ಹೋಗಬಲ್ಲದು. ಏರ್ ರೈಫಲ್ಲಿನಲ್ಲಿ ವರ್ಷಗಟ್ಟಲೆ ಪಳಗಿದ ನಾಲ್ಕಾರು ಜನ ಇದ್ದರೆ ಆಮೇಲೆ ಅದರ ಮಾತು.

ಹುಡುಕುವುದು ಎಲ್ಲಿ

ಕ್ಲಬ್‌ಗಳು ಬೋರ್ಡ್ ಹಾಕಿಕೊಂಡು ರಸ್ತೆಗೆ ಕಾಣುವಂತೆ ಕೂತಿರುವುದಿಲ್ಲ. ಒಂದು ಶಾಲೆಯ ಹಿಂದಿನ ಶೆಡ್ಡು, ಹಳೆಯ ಗೋದಾಮು, ಯಾರದೋ ಮನೆಯ ಮಹಡಿ, ಹೀಗೆ ಇರುತ್ತವೆ. ನಾನು ವಿಚಾರಿಸುವುದು ನಾಲ್ಕು ಕಡೆ. ಜಿಲ್ಲಾ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕಚೇರಿ ಒಂದು. ಎನ್‌ಸಿಸಿ ಬೆಟಾಲಿಯನ್ ಎರಡನೆಯದು, ಅಲ್ಲಿ ತರಬೇತಿ ಕೊಡುವ ಪಿಐ ಸ್ಟಾಫ್‌ಗೆ ಊರಿನಲ್ಲಿ ಯಾರು ಗುರಿ ಹೊಡೆಯುತ್ತಾರೆ ಎಂಬುದು ಗೊತ್ತಿರುತ್ತದೆ. ಮೂರನೆಯದು ಜಿಲ್ಲಾ ಪೊಲೀಸ್. ಸಾರ್ವಜನಿಕರಿಗೆ ನಾಗರಿಕ ಬಂದೂಕು ತರಬೇತಿ ಶಿಬಿರಗಳನ್ನು ಪೊಲೀಸರು ನಡೆಸುವುದುಂಟು, ಅದನ್ನು ನೋಡಿಕೊಳ್ಳುವ ಜಿಲ್ಲಾ ಸಶಸ್ತ್ರ ಮೀಸಲು ಪಡೆಯವರಿಗೆ ಕ್ಲಬ್‌ಗಳ ಪರಿಚಯ ಚೆನ್ನಾಗಿರುತ್ತದೆ. ನಾಲ್ಕನೆಯವರು ಮಾಜಿ ಸೈನಿಕರು. ನಮ್ಮ ಮೂರೂ ಜಿಲ್ಲೆಗಳಲ್ಲಿ ಅವರ ಸಂಘಗಳಿವೆ. ಒಬ್ಬ ಹವಾಲ್ದಾರರ ಜೊತೆ ಚಹಾ ಕುಡಿದರೆ ಗೂಗಲ್ಲಿನಲ್ಲಿ ಸಿಗದ ಎರಡು ವಿಳಾಸ ಸಿಗುತ್ತವೆ.

ಸಿಕ್ಕ ಹೆಸರುಗಳಲ್ಲಿ ಯಾವ ಕ್ಲಬ್ ಕರ್ನಾಟಕ ರಾಜ್ಯ ರೈಫಲ್ ಸಂಸ್ಥೆಯ ಜೊತೆ ಸೇರಿಕೊಂಡಿದೆ ಎಂದು ಕೇಳಿ. ರಾಜ್ಯ ಸಂಸ್ಥೆಗಳ ಮೇಲಿರುವುದು 1951ರಲ್ಲಿ ಶುರುವಾದ ಭಾರತೀಯ ರಾಷ್ಟ್ರೀಯ ರೈಫಲ್ ಸಂಸ್ಥೆ. ಸೇರಿಕೊಂಡಿಲ್ಲ ಎಂದಮಾತ್ರಕ್ಕೆ ಕ್ಲಬ್ ಕೆಟ್ಟದ್ದೇನಲ್ಲ. ಆದರೆ ನಿಮ್ಮ ಶಿಬಿರದಲ್ಲಿ ಮಿಂಚಿದ ಹುಡುಗಿಗೆ ನಾಳೆ ರಾಜ್ಯಮಟ್ಟದ ಸ್ಪರ್ಧೆಗೆ ದಾರಿ ಬೇಕಲ್ಲವೇ? ಆ ದಾರಿ ಹೋಗುವುದು ಇದೇ ಬಾಗಿಲಿನಿಂದ.

ಮೊದಲ ಭೇಟಿ: ಸುಮ್ಮನೆ ಕೂತು ನೋಡುವುದು

ಫೋನ್ ಮಾಡಿ, ಅಭ್ಯಾಸ ನಡೆಯುವ ದಿನವೇ ಬರುತ್ತೇನೆ ಎಂದು ಹೇಳಿ. ರಜೆಯ ದಿನ ಹೋಗಿ ಖಾಲಿ ಹಾಲ್ ನೋಡಿಕೊಂಡು ಬಂದರೆ ಗೋಡೆ, ಫ್ಯಾನು ನೋಡಿದಂತಾಗುತ್ತದೆ, ಕ್ಲಬ್ ನೋಡಿದಂತಾಗುವುದಿಲ್ಲ. ರೈಫಲ್ ಮುಟ್ಟಬೇಡಿ. "ಬರ್ರಿ ಸರ, ನೀವೂ ನಾಕು ಹೊಡೀರಿ" ಎಂದು ಪ್ರೀತಿಯಿಂದ ಕರೆಯುತ್ತಾರೆ. "ಇವತ್ತು ನೋಡಾಕ ಬಂದೀನ್ರಿ, ಹೊಡಿಯೋದು ಇನ್ನೊಂದ್ ಸಲ" ಎಂದು ಹೇಳಿ ಹಿಂದಿನ ಬೆಂಚಿನ ಮೇಲೆ ಒಂದು ತಾಸು ಕೂತುಬಿಡಿ.

ಆ ಒಂದು ತಾಸಿನಲ್ಲಿ ನಾನು ನೋಡುವುದು ಮುಖ್ಯವಾಗಿ ಒಂದೇ ಸಂಗತಿ: ಯಾರಾದರೂ "ಸ್ಟಾಪ್" ಎಂದಾಗ ಏನಾಗುತ್ತದೆ?

ನನ್ನ ಎದೆ ನಡುಗಿದ ಕಥೆ ಇದೇ. ಕೆಲವು ವರ್ಷಗಳ ಹಿಂದೆ ಒಂದು ಕ್ಲಬ್‌ನಲ್ಲಿ ಶಿಬಿರ ಇಟ್ಟುಕೊಂಡಿದ್ದೆ. ಹಾಲ್ ಹೊಸದು, ಬಣ್ಣ ಹೊಡೆದಿದ್ದರು, ಗೋಡೆಯ ಮೇಲೆ ಪದಕಗಳು. ನಾನು ಅಷ್ಟಕ್ಕೇ ಮರುಳಾಗಿದ್ದೆ. ಎರಡನೇ ದಿನ ಬೆಳಿಗ್ಗೆ ಒಬ್ಬ ಹುಡುಗ ತನ್ನ ಟಾರ್ಗೆಟ್ ಕಾಗದ ಬದಲಿಸಲು ಗುಂಡು ಹೊಡೆಯುವ ಗೆರೆ ದಾಟಿ ಮುಂದೆ ನಡೆದ. ಪಕ್ಕದ ಲೇನಿನವಳು ಇನ್ನೂ ಗುರಿ ಹಿಡಿದೇ ಇದ್ದಳು. ನಾನು ಕೂಗಿದೆ. ಕ್ಲಬ್‌ನ ಹಿರಿಯರು ಫೋನಿನಲ್ಲಿ ಮಾತಾಡುತ್ತಿದ್ದವರು ತಿರುಗಿ ನೋಡಿ, "ಏನಾಗಲ್ಲ ಸರ, ಗಾಳಿ ಬಂದೂಕು ಅದು" ಎಂದರು. ಹುಡುಗನಿಗೆ ಏನೂ ಆಗಲಿಲ್ಲ. ಆದರೆ ಏರ್ ರೈಫಲ್ಲಿನ ಸೀಸದ ಗುಂಡು ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಿ ಹೊರಡುತ್ತದೆ, ಕಣ್ಣಿಗೆ ಬಿದ್ದರೆ ಕಣ್ಣು ಹೋಯಿತು. ಆ ದಿನ ಮಧ್ಯಾಹ್ನವೇ ಶಿಬಿರ ನಿಲ್ಲಿಸಿ ಮಕ್ಕಳನ್ನು ಬಸ್ಸು ಹತ್ತಿಸಿದೆ. ಹತ್ತಾರು ಪೋಷಕರಿಗೆ ಕಾರಣ ಹೇಳಬೇಕಾಯಿತು. ತಪ್ಪು ಆ ಹಿರಿಯರದ್ದಷ್ಟೇ ಅಲ್ಲ, ಅಭ್ಯಾಸದ ದಿನ ಹೋಗಿ ನೋಡದ ನನ್ನದೂ ಹೌದು.

ಹಾಗಾಗಿ ಈಗ ಬೆಂಚಿನ ಮೇಲೆ ಕೂತು ನೋಡುತ್ತೇನೆ. "ಸ್ಟಾಪ್" ಎಂದ ಕೂಡಲೇ ಎಲ್ಲರ ಬೆರಳೂ ಟ್ರಿಗರ್ ಬಿಡುತ್ತದೆಯೇ? "ಅನ್‌ಲೋಡ್" ಆದ ಮೇಲೆ ರೈಫಲ್ ಮೇಜಿನ ಮೇಲೆ, ಬಾಯಿ ಟಾರ್ಗೆಟ್ ಕಡೆ, ಬ್ಯಾರಲ್ಲಿನೊಳಗೆ ಸೇಫ್ಟಿ ಫ್ಲ್ಯಾಗ್ ಸಿಕ್ಕಿಸಿ ಇಡುತ್ತಾರೆಯೇ? ಕಿತ್ತಳೆ ಬಣ್ಣದ ಆ ದಾರ ಹೊರಗೆ ಕಾಣುತ್ತಿದ್ದರೆ ರೈಫಲ್ ಖಾಲಿ ಎಂದು ದೂರದಿಂದಲೇ ಗೊತ್ತಾಗುತ್ತದೆ. ಅಂತರರಾಷ್ಟ್ರೀಯ ಶೂಟಿಂಗ್ ಕ್ರೀಡಾ ಒಕ್ಕೂಟದ ನಿಯಮದಲ್ಲಿ ಅದು ಕಡ್ಡಾಯ. ಎಲ್ಲ ರೈಫಲ್ಲೂ ಕೆಳಗಿಟ್ಟು, ಎಲ್ಲರೂ ಹಿಂದೆ ಸರಿದ ಮೇಲಷ್ಟೇ ಯಾರಾದರೂ ಮುಂದೆ ಹೋಗುತ್ತಾರೆಯೇ? ಕ್ಲಬ್ ಯಜಮಾನರ ಮಗನೋ, ರಾಷ್ಟ್ರಮಟ್ಟದ ಆಟಗಾರನೋ ಇದ್ದರೆ ಅವರ ಮೇಲೆ ಹೆಚ್ಚು ಕಣ್ಣಿಡಿ. ನಿಯಮ ಮುರಿಯುವುದಿದ್ದರೆ ಅಲ್ಲಿಂದಲೇ ಶುರು.

ಹೊರಡುವ ಮುನ್ನ ಒಂದು ಪ್ರಶ್ನೆ ಕೇಳಿ: "ನೀವು ಕೊನೇ ಸಲ ಫೈರಿಂಗ್ ಅರ್ಧಕ್ಕೆ ನಿಲ್ಲಿಸಿದ್ದು ಯಾವಾಗ, ಯಾಕೆ?" "ನಮ್ಮಲ್ಲಿ ಅಂಥದ್ದು ಆಗೇ ಇಲ್ಲ" ಎಂದರೆ ನನಗೆ ಸಮಾಧಾನ ಆಗುವುದಿಲ್ಲ. "ಹೋದ ತಿಂಗಳು ಒಬ್ಬ ಹುಡುಗ ರೈಫಲ್ ತಿರುಗಿಸಿಕೊಂಡು ಮಾತಾಡಾಕ ಬಂದ್ನ್ರಿ, ಅವತ್ತು ಅವನ್ನ ಮನಿಗೆ ಕಳಿಸಿದ್ವಿ" ಎಂದವರ ಹತ್ತಿರ ನಾನು ಧೈರ್ಯವಾಗಿ ಮಕ್ಕಳನ್ನು ಬಿಡುತ್ತೇನೆ.

ಎರಡನೇ ಭೇಟಿ: ಟೇಪು, ಪುಸ್ತಕ, ಪೆನ್ನು

ಮನಸ್ಸಿಗೆ ಒಪ್ಪಿದ ಮೇಲೆ ಅಳತೆ. ಗುಂಡು ಹೊಡೆಯುವ ಗೆರೆಯಿಂದ ಟಾರ್ಗೆಟ್ಟಿನ ಮುಖಕ್ಕೆ ಸರಿಯಾಗಿ 10 ಮೀಟರ್ ಇರಬೇಕು. ಟಾರ್ಗೆಟ್ಟಿನ ನಡು ನೆಲದಿಂದ 1.4 ಮೀಟರ್ ಎತ್ತರ. ಒಬ್ಬೊಬ್ಬ ಶೂಟರ್‌ಗೆ ಕಡಿಮೆಯೆಂದರೂ ಒಂದು ಮೀಟರ್ ಅಗಲದ ಜಾಗ. ಟಾರ್ಗೆಟ್ ಮೇಲೆ 1500 ಲಕ್ಸ್ ಬೆಳಕು ಬೀಳಬೇಕು ಎನ್ನುತ್ತದೆ ನಿಯಮ. ಮೊಬೈಲಿನ ಲಕ್ಸ್ ಆ್ಯಪ್ ಪೂರ್ತಿ ನಿಖರವಲ್ಲ, ಆದರೆ 300 ತೋರಿಸುತ್ತಿದ್ದರೆ ಬೆಳಕು ಸಾಲದು ಎಂಬುದಕ್ಕೆ ಅಷ್ಟು ಸಾಕು. ಕರೆಂಟ್ ಹೋದರೆ ಏನು ಮಾಡುತ್ತೀರಿ ಎಂದೂ ಕೇಳಿ. ನಮ್ಮ ಕಡೆ ಅದು ಕೇಳಲೇಬೇಕಾದ ಪ್ರಶ್ನೆ. ಗುರಿ ಹಿಡಿದಿರುವಾಗ ಹಾಲ್ ಕತ್ತಲಾದರೆ ಹೊಸ ಮಕ್ಕಳು ಗಾಬರಿಯಲ್ಲಿ ಟ್ರಿಗರ್ ಎಳೆದುಬಿಡುತ್ತಾರೆ.

ಟಾರ್ಗೆಟ್ ಹಿಂದೆ ಏನಿದೆ ಎಂದು ಕೈಯಿಂದ ಮುಟ್ಟಿ ನೋಡಿ. ನೆಟ್ಟಗೆ ನಿಲ್ಲಿಸಿದ ಗಟ್ಟಿ ಕಬ್ಬಿಣದ ತಗಡು ಇದ್ದರೆ ಸೀಸದ ಚೂರು ಹಿಂದಕ್ಕೆ ಪುಟಿಯುತ್ತದೆ. ತಗಡು ಓರೆಯಾಗಿ, ಗುಂಡನ್ನು ಕೆಳಗಿನ ಡಬ್ಬಿಗೆ ಬೀಳಿಸುವಂತೆ ಇರಬೇಕು. ಹಲಗೆಯಾದರೆ ಎಷ್ಟು ತಿಂದುಹೋಗಿದೆ ನೋಡಿ. ಗೆರೆಯ ಮುಂದೆ ಬಾಗಿಲು, ಕಿಟಕಿ ಇದ್ದರೆ ಒಳಗಿನಿಂದ ಚಿಲಕ ಬೀಳುತ್ತದೆಯೇ? ಶಾಲೆಯ ಹಾಲ್ ಆಗಿದ್ದರೆ ಬಿಸಿಯೂಟದ ಹೊತ್ತಿಗೆ ಯಾರೋ ಮಗು ಆ ಬಾಗಿಲು ತಳ್ಳಿಕೊಂಡು ಬರಬಾರದು. ಕೈ ತೊಳೆಯಲು ನೀರು, ಸೋಪು ಎಲ್ಲಿದೆ? ಸೀಸ ಮುಟ್ಟಿದ ಕೈಯಲ್ಲಿ ಮಿರ್ಚಿ ಮಂಡಕ್ಕಿ ತಿನ್ನಬಾರದು. ಇದನ್ನು ಮಕ್ಕಳಿಗೆ ಎಷ್ಟು ಸಲ ಹೇಳಿದರೂ ಕಡಿಮೆಯೇ.

ಈಗ ನಾನು ಎಲ್ಲಕ್ಕಿಂತ ಹೆಚ್ಚು ಹೊತ್ತು ಲೆಕ್ಕ ಹಾಕುವ ವಿಷಯ: ಲೇನುಗಳು. ನಮ್ಮ ಭಾಗದ ಹಾಲ್ ಒಂದರಲ್ಲಿ ಐದು ಲೇನ್ ಇದ್ದರೆ ಅದೇ ದೊಡ್ಡದು. ನಿಮ್ಮ ಬಳಿ 20 ಮಕ್ಕಳಿದ್ದಾರೆ ಎನ್ನಿ. ಐದೈದು ಜನರ ನಾಲ್ಕು ಡೀಟೇಲ್, ಅಂದರೆ ಸರದಿ ತಂಡಗಳು, ಆಗುತ್ತವೆ. ಒಂದು ಡೀಟೇಲ್‌ಗೆ 40 ನಿಮಿಷ, ಬದಲಾಯಿಸಲು 10 ನಿಮಿಷ. ಒಂದು ಸುತ್ತು ಮುಗಿಯಲು 200 ನಿಮಿಷ, ಮೂರು ತಾಸು ಇಪ್ಪತ್ತು ನಿಮಿಷ. ದಿನಕ್ಕೆ ಎರಡು ಸುತ್ತು ಹಾಕಿದರೆ ಊಟದ ಹೊತ್ತು ಬಿಟ್ಟು ದಿನ ತುಂಬಿತು. ಐದು ಜನ ಹೊಡೆಯುವಾಗ ಉಳಿದ 15 ಜನ ಎಲ್ಲಿ, ಏನು ಮಾಡುತ್ತಿರುತ್ತಾರೆ? ಅವರನ್ನು ಗೆರೆಯ ಹಿಂದೆ ನಿಲ್ಲಿಸಿದರೆ ಪಿಸುಪಿಸು ಮಾತು, ನಗು, ನೂಕಾಟ. ಬಿಸಿಲಿಗೆ ಹೊರಗೆ ಬಿಟ್ಟರೆ ಮಧ್ಯಾಹ್ನದ ಹೊತ್ತಿಗೆ ಸುಸ್ತು. ಆದ್ದರಿಂದ ಪಕ್ಕದಲ್ಲಿ ಇನ್ನೊಂದು ಕೋಣೆ ಇರಲೇಬೇಕು. ಅಲ್ಲಿ ಗುಂಡಿಲ್ಲದ ರೈಫಲ್ಲಿನಿಂದ ಗೋಡೆಯ ಚುಕ್ಕೆಗೆ ಗುರಿ ಹಿಡಿಯುವುದು, ಉಸಿರು ಹಿಡಿಯುವುದು, ನಿಲ್ಲುವ ಭಂಗಿ ಕಲಿಯುವುದು ನಡೆಯಬೇಕು. ನಿಜ ಹೇಳಬೇಕೆಂದರೆ ಹೊಸಬರು ಹೆಚ್ಚು ಕಲಿಯುವುದು ಆ ಕೋಣೆಯಲ್ಲೇ. ಹತ್ತು ಲೇನಿದ್ದೂ ಎರಡನೇ ಕೋಣೆ ಇಲ್ಲದ ಕ್ಲಬ್‌ಗಿಂತ, ನಾಲ್ಕೇ ಲೇನಿದ್ದು ಒಳ್ಳೆಯ ಕೋಣೆಯಿರುವ ಕ್ಲಬ್ ನನಗಿಷ್ಟ.

ಸಾಮಾನಿನ ಲೆಕ್ಕವನ್ನೂ ಅಲ್ಲೇ ಮಾಡಿಕೊಳ್ಳಿ. 20 ಮಕ್ಕಳು, ದಿನಕ್ಕೆ 80 ಗುಂಡು, ಎರಡು ದಿನ ಎಂದರೆ 3200 ಗುಂಡು. 500ರ ಡಬ್ಬಿಗಳಲ್ಲಿ ಬರುವುದರಿಂದ ಏಳು ಡಬ್ಬಿ ತರಿಸಬೇಕು. ಒಂದು ಕಾಗದಕ್ಕೆ ಐದು ಹೊಡೆತದಂತೆ 640 ಟಾರ್ಗೆಟ್ ಕಾಗದ. ಕ್ಲಬ್‌ನದ್ದು ಬ್ಯಾರಲ್ ಮಡಚಿ ಹೊಡೆಯುವ ಸ್ಪ್ರಿಂಗ್ ರೈಫಲ್ ಆಗಿದ್ದರೆ ಗಾಳಿ ತುಂಬುವ ಚಿಂತೆಯಿಲ್ಲ, ಆದರೆ ಸಣ್ಣ ಮಕ್ಕಳಿಗೆ ಅದನ್ನು ಮಡಚಿ ಮಡಚಿ ತೋಳು ಸೋಲುತ್ತದೆ. ಸಿಲಿಂಡರ್ ರೈಫಲ್ ಆಗಿದ್ದರೆ ಗಾಳಿ ಎಲ್ಲಿ ತುಂಬಿಸುತ್ತಾರೆ, ಕಂಪ್ರೆಸರ್ ಸ್ವಂತದ್ದೇ, ದೊಡ್ಡ ಸಿಲಿಂಡರ್ ಬೇರೆ ಊರಿಗೆ ಹೋಗಿ ತುಂಬಿಸಿಕೊಂಡು ಬರಬೇಕೇ? 200 ಬಾರ್ ಒತ್ತಡದ ಗಾಳಿ ಪಂಕ್ಚರ್ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ರೈಫಲ್ಲಿನ ಸಿಲಿಂಡರ್ ಮೇಲೆ ತಯಾರಾದ ದಿನಾಂಕ ಕೆತ್ತಿರುತ್ತದೆ, ಹತ್ತು ವರ್ಷ ದಾಟಿದ್ದರೆ ಅದು ಸ್ಪರ್ಧೆಗೆ ನಡೆಯುವುದಿಲ್ಲ. ನಾನು ಶಿಬಿರಕ್ಕೂ ಒಪ್ಪುವುದಿಲ್ಲ.

ಬಯಲು ರೇಂಜ್ ಆದರೆ

50 ಮೀಟರ್ ಶಿಬಿರ ಇಟ್ಟುಕೊಳ್ಳುವವರಿಗೆ ಮಾತ್ರ ಈ ಭಾಗ. ಆದರೆ ಎಚ್ಚರದಿಂದ ಓದಿ.

ಗಂಗಾವತಿ, ಆನೆಗೊಂದಿ, ಬಳ್ಳಾರಿ ಕಡೆಯ ಜನ ಒಂದು ಮಾತು ಹೇಳುತ್ತಾರೆ: "ಹಿಂದ ಗುಡ್ಡ ಐತಲ್ರಿ, ಗುಂಡು ಎಲ್ಲಿಗೆ ಹೋಗತೈತಿ?" ನಮ್ಮ ಗುಡ್ಡಗಳು ಮಣ್ಣಿನವಲ್ಲ, ಬೋಳು ಬಂಡೆಯವು. ಬೋಳು ಬಂಡೆಗೆ ಬಿದ್ದ ಗುಂಡು ನಿಲ್ಲುವುದಿಲ್ಲ, ಎತ್ತ ಬೇಕಾದರೂ ಚಿಮ್ಮುತ್ತದೆ. ಟಾರ್ಗೆಟ್ ಹಿಂದೆ ಕಲ್ಲಿಲ್ಲದ ಮಣ್ಣಿನ ಒಡ್ಡು ಬೇಕೇಬೇಕು. ಅದನ್ನೂ ವರ್ಷಕ್ಕೊಮ್ಮೆ ನೋಡಿದರೆ ಸಾಲದು. ರಾಯಚೂರು ಕಡೆಯ ಎರೆ ಮಣ್ಣಿನ ಒಡ್ಡು ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮಳೆಗಾಲದಲ್ಲಿ ಜರಿಯುತ್ತದೆ. ಮಳೆ ಬಿದ್ದ ಮೇಲೆ ಒಮ್ಮೆ, ಬಿರು ಬೇಸಿಗೆಯಲ್ಲಿ ಒಮ್ಮೆ ಒಡ್ಡಿನ ಮೇಲೆ ನಡೆದು, ಕಾಲಿಗೆ ಸಿಕ್ಕ ಕಲ್ಲುಗಳನ್ನು ಆರಿಸಿ ತೆಗೆಸುವ ಕ್ಲಬ್ ಆದರೆ ಮಾತ್ರ ಮುಂದುವರಿಯಿರಿ.

ಮನೆಗೆ ಬಂದು ಮೊಬೈಲಿನ ಸ್ಯಾಟಲೈಟ್ ಮ್ಯಾಪ್ ತೆರೆದು, ಗುಂಡು ಹೊಡೆಯುವ ದಿಕ್ಕಿನಲ್ಲಿ ಒಂದೂವರೆ ಕಿಲೋಮೀಟರ್ ಉದ್ದದ ಗೆರೆ ಎಳೆದು ನೋಡಿ. ಆ ಗೆರೆಯ ಮೇಲೆ ಏನೇನಿದೆ? ಹತ್ತಿ ಹೊಲ, ಕಾಲುವೆ ದಾರಿ, ಕುರಿ ಹಟ್ಟಿ? ಮ್ಯಾಪಿನಲ್ಲಿ ಖಾಲಿ ಕಂಡದ್ದು ಹತ್ತಿ ಬಿಡಿಸುವ ಕಾಲಕ್ಕೆ ಹೆಣ್ಣಾಳುಗಳಿಂದ ತುಂಬಿರುತ್ತದೆ. ಆ ದಾರಿಯಲ್ಲಿ ಒಮ್ಮೆ ನಡೆದು ಹೋಗಿ, ಹೊಲದವರನ್ನು ಮಾತಾಡಿಸಿ. ಕೆಂಪು ಬಾವುಟ ಏರಿಸಿದಾಗ ಏನೆಂದು ಅವರಿಗೆ ಗೊತ್ತಿದೆಯೇ ಎಂದು ಕೇಳಿ. ಗೊತ್ತಿಲ್ಲ ಎಂದರೆ ಕ್ಲಬ್ ತನ್ನ ನೆರೆಯವರ ಜೊತೆ ಮಾತೇ ಆಡಿಲ್ಲ ಎಂದರ್ಥ.

ಸಂಡೂರು ಸೀಮೆಯವರಿಗೆ ಇನ್ನೊಂದು ಮಾತು. ದರೋಜಿ ಕರಡಿಧಾಮ ಹತ್ತಿರವಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಭಯಾರಣ್ಯದೊಳಗೆ ಅನುಮತಿಯಿಲ್ಲದೆ ಆಯುಧ ಒಯ್ಯುವಂತಿಲ್ಲ. ರೈಫಲ್ ಒಯ್ಯುವ ವಾಹನ ಯಾವ ರಸ್ತೆಯಲ್ಲಿ ಬರಬೇಕು ಎಂಬುದನ್ನೂ ಮೊದಲೇ ಗೊತ್ತು ಮಾಡಿ.

ಕಾಗದಪತ್ರ

ಏರ್ ರೈಫಲ್ ಶಿಬಿರಕ್ಕೆ ಲೈಸೆನ್ಸ್ ಗೊಡವೆ ಇಲ್ಲವೆಂದರೂ, ಠಾಣೆಗೆ ಒಂದು ಪತ್ರ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ರೈಫಲ್ ಚೀಲ ಹೊತ್ತ ಹುಡುಗರು ಬಸ್‌ಸ್ಟ್ಯಾಂಡಿನಲ್ಲಿ ನಿಂತರೆ ಜನ ಗಾಬರಿಯಾಗುವುದು ಸಹಜ. ಮೊದಲೇ ತಿಳಿಸಿದ್ದರೆ ಪೊಲೀಸರೇ ನಿಮ್ಮ ಬೆನ್ನಿಗಿರುತ್ತಾರೆ.

ಪಾಯಿಂಟ್ ಟೂ ಟೂ ಇದ್ದರೆ ಕ್ಲಬ್‌ನ ಲೈಸೆನ್ಸನ್ನು ಕಣ್ಣಾರೆ ನೋಡಿ, ಅವಧಿ ಮುಗಿಯುವ ದಿನಾಂಕ ಬರೆದುಕೊಳ್ಳಿ. ಗುಂಡುಗಳ ರಿಜಿಸ್ಟರ್ ತೋರಿಸಿ ಎಂದು ಕೇಳಲು ಸಂಕೋಚ ಬೇಡ. ಒಳ್ಳೆಯ ಕ್ಲಬ್‌ನವರು ಅದನ್ನು ಹೆಮ್ಮೆಯಿಂದ ತೆರೆದು ತೋರಿಸುತ್ತಾರೆ: ಬಂದದ್ದೆಷ್ಟು, ಹೊಡೆದದ್ದೆಷ್ಟು, ಉಳಿದದ್ದೆಷ್ಟು. 21 ತುಂಬದವರಿಗೆ ಬಂದೂಕು ಲೈಸೆನ್ಸ್ ಸಿಗುವುದಿಲ್ಲ. ಅವರು ತರಬೇತಿಗಾಗಿ ಮಾತ್ರ, ಕಾಯ್ದೆ ಹೇಳಿದ ಷರತ್ತುಗಳೊಳಗೆ, ಮೇಲ್ವಿಚಾರಣೆಯಲ್ಲಿ ಹೊಡೆಯಬಹುದು. ನಿಮ್ಮ ಮಕ್ಕಳು ಕ್ಲಬ್‌ನ ಸದಸ್ಯರಲ್ಲದಿದ್ದರೆ ಕ್ಲಬ್‌ನ ಬಂದೂಕು ಬಳಸಬಹುದೇ ಎಂಬುದನ್ನು ಬಾಯಿಮಾತಿನಲ್ಲಿ ಬಿಡಬೇಡಿ, ಕ್ಲಬ್‌ನ ಲೆಟರ್‌ಹೆಡ್ ಮೇಲೆ ಬರೆಸಿಕೊಳ್ಳಿ.

ಚುನಾವಣೆ ಕ್ಯಾಲೆಂಡರನ್ನೂ ನೋಡಿ. ನೀತಿ ಸಂಹಿತೆ ಜಾರಿಯಾದರೆ ಲೈಸೆನ್ಸ್ ಇರುವ ಆಯುಧಗಳನ್ನು ಠಾಣೆಗೆ ಒಪ್ಪಿಸಲು ಜಿಲ್ಲಾಡಳಿತ ಆದೇಶ ಹೊರಡಿಸುತ್ತದೆ. ಬೆಳೆ ರಕ್ಷಣೆಗೆ ಬಂದೂಕು ಇಟ್ಟುಕೊಂಡ ನಮ್ಮ ರೈತರಿಗೆಲ್ಲ ಇದು ಗೊತ್ತು. ಕ್ರೀಡಾಪಟುಗಳಿಗೆ ವಿನಾಯಿತಿ ಕೊಡುವುದುಂಟು, ಆದರೆ ಅದನ್ನು ನಂಬಿ ದಿನಾಂಕ ಇಟ್ಟುಕೊಳ್ಳಬೇಡಿ.

ಜನ

ಹೊಡೆಯುವವರ ಹಿಂದೆ ನಿಂತು ಆಜ್ಞೆ ಕೊಡುವ ರೇಂಜ್ ಆಫೀಸರ್ ಒಬ್ಬರು, ಕಲಿಸುವ ಕೋಚ್ ಇನ್ನೊಬ್ಬರು. ಇವೆರಡೂ ಒಬ್ಬರೇ ಆಗಬಾರದು. ಒಬ್ಬ ಹುಡುಗಿಯ ಮೊಣಕೈ ಸರಿಪಡಿಸುತ್ತಿರುವವರ ಕಣ್ಣು ಉಳಿದ ನಾಲ್ವರ ಮೇಲೆ ಇರಲು ಸಾಧ್ಯವಿಲ್ಲ. ಕ್ಲಬ್‌ನಲ್ಲಿ ಇಬ್ಬರಿಲ್ಲದಿದ್ದರೆ ಒಬ್ಬರನ್ನು ನೀವೇ ಕರೆದೊಯ್ಯಿರಿ.

ಆಜ್ಞೆ ಯಾವ ಭಾಷೆಯಲ್ಲಿ ಎಂಬುದನ್ನೂ ಕೂತು ಮಾತಾಡಿ. ಎನ್‌ಸಿಸಿ ಮಕ್ಕಳಿಗೆ ಹಿಂದಿ ರೂಢಿ, ಕ್ಲಬ್‌ನವರಿಗೆ ಇಂಗ್ಲಿಷ್, ಹಳ್ಳಿಯಿಂದ ಬಂದ ಹೊಸ ಮಕ್ಕಳಿಗೆ ಕನ್ನಡ. "ಲೋಡ್, ಸ್ಟಾರ್ಟ್, ಸ್ಟಾಪ್, ಅನ್‌ಲೋಡ್" ಈ ನಾಲ್ಕನ್ನೇ ಇಟ್ಟುಕೊಂಡು, ಪ್ರತಿಯೊಂದಕ್ಕೂ ಏನು ಮಾಡಬೇಕು ಎಂಬುದನ್ನು ಕನ್ನಡದಲ್ಲಿ ಮೊದಲ ದಿನ ಬೆಳಿಗ್ಗೆ ರೈಫಲ್ ಇಲ್ಲದೆ ಹತ್ತು ಸಲ ಮಾಡಿಸುವುದು ನನ್ನ ಪದ್ಧತಿ. ಕ್ಲಬ್‌ನವರು ಅದಕ್ಕೆ ಸಮಯ ಹಾಳು ಎಂದು ಗೊಣಗಿದರೆ ಆ ಕ್ಲಬ್ ಬಿಟ್ಟುಬಿಡಿ.

ಹೆಣ್ಣುಮಕ್ಕಳ ಪೋಷಕರು ಕೇಳುವ ಪ್ರಶ್ನೆಗಳನ್ನು ನೀವೇ ಮೊದಲು ಕೇಳಿಕೊಳ್ಳಿ. ಶೌಚಾಲಯ ಇದೆಯೇ, ಬೀಗ ಇದೆಯೇ, ನೀರು ಬರುತ್ತದೆಯೇ? ನಾನು ಒಳಗೆ ಹೋಗಿ ನಲ್ಲಿ ತಿರುಗಿಸಿಯೇ ನೋಡುತ್ತೇನೆ. ಭಂಗಿ ಕಲಿಸುವಾಗ ಮೈ ಮುಟ್ಟಿ ಸರಿಪಡಿಸಬೇಕಾಗುತ್ತದೆ, ಆ ಕೆಲಸಕ್ಕೆ ಒಬ್ಬ ಮಹಿಳೆ ಇರಬೇಕು. ಸಂಜೆ ಕೊನೆಯ ಬಸ್ಸು ಎಷ್ಟಕ್ಕೆ? ಸಿಂಧನೂರು, ಕುಷ್ಟಗಿ, ಸಿರುಗುಪ್ಪದ ಹಳ್ಳಿಗಳಿಂದ ಬರುವ ಮಕ್ಕಳಿಗೆ ಐದು ಗಂಟೆಗೆ ಮುಗಿಸಿದರೂ ಕೆಲವೊಮ್ಮೆ ತಡವೇ. ಬಳ್ಳಾರಿಯಲ್ಲಿ ವಿಮ್ಸ್ ಎಂದೇ ಎಲ್ಲರೂ ಕರೆಯುವ ಆಸ್ಪತ್ರೆ, ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಇವುಗಳಲ್ಲಿ ನಿಮಗೆ ಹತ್ತಿರದ್ದಕ್ಕೆ ಕ್ಲಬ್‌ನಿಂದ ಎಷ್ಟು ನಿಮಿಷ ಎಂದು ಗಾಡಿಯಲ್ಲಿ ಹೋಗಿಯೇ ಅಳೆಯಿರಿ.

ಯಾವಾಗ

ಏಪ್ರಿಲ್, ಮೇ ತಿಂಗಳಲ್ಲಿ ಬೇಡ. 40 ಡಿಗ್ರಿ ದಾಟಿದ ಬಿಸಿಲಿನಲ್ಲಿ ತಗಡಿನ ಚಾವಣಿಯ ಕೆಳಗೆ ದಪ್ಪ ಕ್ಯಾನ್ವಾಸಿನ ಶೂಟಿಂಗ್ ಜಾಕೆಟ್ ಹಾಕಿ ನಿಲ್ಲಿಸುವುದು ಮಕ್ಕಳಿಗೆ ಶಿಕ್ಷೆ. ಬೇಸಿಗೆ ರಜೆ ಇದೆ ಎಂದು ಎಲ್ಲರೂ ಅದನ್ನೇ ಸೂಚಿಸುತ್ತಾರೆ, ಒಪ್ಪಬೇಡಿ. ನವೆಂಬರಿನಿಂದ ಫೆಬ್ರವರಿವರೆಗೆ ಚೆಂದ. ಆದರೆ ಗಂಗಾವತಿ, ಸಿಂಧನೂರು, ಮಾನ್ವಿ ಕಡೆ ಭತ್ತದ ಕೆಲಸ, ಬಳ್ಳಾರಿ ಕಡೆ ಮೆಣಸಿನಕಾಯಿ ಬಿಡಿಸುವ ಕೆಲಸಕ್ಕೆ ಎಷ್ಟೋ ವಿದ್ಯಾರ್ಥಿಗಳು ಮನೆಯವರ ಜೊತೆ ಹೊಲಕ್ಕೆ ಹೋಗುತ್ತಾರೆ. ದಿನಾಂಕ ಗೊತ್ತು ಮಾಡುವ ಮುನ್ನ ಮಕ್ಕಳನ್ನೇ ಕೇಳಿ.

ಅರ್ಧ ದಿನದ ಪರೀಕ್ಷೆ

ಎಲ್ಲ ಸರಿ ಕಂಡರೂ 20 ಜನರನ್ನು ಒಮ್ಮೆಲೇ ಕರೆದೊಯ್ಯಬೇಡಿ. ಆರು ಮಕ್ಕಳೊಂದಿಗೆ ಒಂದು ಭಾನುವಾರ ಬೆಳಿಗ್ಗೆ ಒಂಬತ್ತರಿಂದ ಒಂದರವರೆಗೆ ಇಡೀ ಶಿಬಿರದಂತೆಯೇ ನಡೆಸಿ. ಎರಡು ಡೀಟೇಲ್ ಮಾಡಿ, ಪಕ್ಕದ ಕೋಣೆ ಬಳಸಿ, ನಡುವೆ ಹೇಳದೆ ಕೇಳದೆ ಒಮ್ಮೆ "ಸ್ಟಾಪ್" ಎಂದು ನೀವೇ ಕೂಗಿ ನೋಡಿ. ರೇಂಜ್ ಆಫೀಸರ್‌ಗೆ ಮಾತ್ರ ಮೊದಲೇ ತಿಳಿಸಿರಿ. ಮನೆಗೆ ಹೋಗುವಾಗ ಆರೂ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೇಳಿ, ಯಾವ ಹೊತ್ತಿನಲ್ಲಿ ಹೆದರಿಕೆ ಆಯಿತು ಎಂದು. ನಮ್ಮ ಕಣ್ಣಿಗೆ ಬೀಳದ್ದು ಅವರಿಗೆ ಕಂಡಿರುತ್ತದೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಹೇಳಿದಳು: "ಸರ್, ಅಲ್ಲಿ ಅಣ್ಣಾರು ಭಾಳ ಚೊಲೋ ಕಲಿಸ್ತಾರ, ಆದ್ರ ಮಾತಾಡುವಾಗ ಖಾಲಿ ರೈಫಲ್ ಐತಂತ ಎಲ್ಲಿ ಬೇಕಲ್ಲಿ ತಿರುಗಿಸ್ತಾರ." ನಾಲ್ಕು ತಾಸು ಅಲ್ಲೇ ಇದ್ದರೂ ನಾನದನ್ನು ಗಮನಿಸಿರಲಿಲ್ಲ. ಆ ಕ್ಲಬ್‌ನವರಿಗೆ ಹೋಗಿ ಹೇಳಿದೆ. ಬೇಜಾರು ಮಾಡಿಕೊಳ್ಳದೆ ತಿದ್ದಿಕೊಂಡರು, ಶಿಬಿರ ಅಲ್ಲೇ ಆಯಿತು.

ಒಪ್ಪಿಗೆಯಾದರೆ ಒಂದು ಪುಟದ ಒಪ್ಪಂದ ಬರೆಯಿರಿ: ಯಾವ ದಿನ, ಎಷ್ಟು ಲೇನ್, ಯಾವ ರೈಫಲ್ ಎಷ್ಟು, ಗುಂಡು ಮತ್ತು ಕಾಗದ ಯಾರ ಖರ್ಚು, ಸಾಮಾನು ಮುರಿದರೆ ಯಾರ ಹೊಣೆ, ಫೈರಿಂಗ್ ನಿಲ್ಲಿಸುವ ಅಧಿಕಾರ ಯಾರಿಗೆ. ಕೊನೆಯದಕ್ಕೆ ನಾನು ಯಾವಾಗಲೂ "ಹಾಲ್‌ನಲ್ಲಿರುವ ಯಾರಿಗಾದರೂ" ಎಂದೇ ಬರೆಸುತ್ತೇನೆ. ಒಪ್ಪಿಗೆಯಾಗದಿದ್ದರೆ ಫೋನಿನಲ್ಲಿ ತಪ್ಪಿಸಿಕೊಂಡು ತಿರುಗಬೇಡಿ. ಖುದ್ದಾಗಿ ಹೋಗಿ, ಇಂತಿಂಥದ್ದು ಸರಿಯಾದರೆ ಮುಂದಿನ ವರ್ಷ ಬರುತ್ತೇವೆ ಎಂದು ಹೇಳಿ. ನಮ್ಮ ಭಾಗದಲ್ಲಿ ಇರುವ ಕ್ಲಬ್‌ಗಳೇ ಕಡಿಮೆ, ಅವು ಉಳಿಯಬೇಕು.

ಬರೆದುಕೊಂಡ ಪುಸ್ತಕ ಎಸೆಯಬೇಡಿ. ಮುಂದಿನ ವರ್ಷ ಅದೇ ಕ್ಲಬ್‌ಗೆ ಹೋಗುವಾಗಲೂ ಟೇಪು ಹಿಡಿದು, ಅದೇ ಪುಟ ತೆರೆದು, ಮೊದಲಿನಿಂದ ನೋಡಿಕೊಂಡು ಬನ್ನಿ. ಅಷ್ಟರಲ್ಲಿ ಕೋಚ್‌ಗೆ ವರ್ಗಾವಣೆ ಆಗಿರುತ್ತದೆ, ಒಡ್ಡು ಜರಿದಿರುತ್ತದೆ, ಸಿಲಿಂಡರ್‌ಗೆ ಒಂದು ವರ್ಷ ವಯಸ್ಸಾಗಿರುತ್ತದೆ.